ನಂಪೈ ಎರರ್, ವಾರ್ನಿಂಗ್ ಸೆಟ್ಟಿಂಗ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಂಪೈ, ಅಂದ್ರೆ ಪೈಥಾನ್‌ನಲ್ಲಿ ನಂಬರ್‌ಗಳ ರಾಶಿ ಮೇಲೆ ಲೆಕ್ಕ ಮಾಡೋ ಲೈಬ್ರರಿ, ಬಳಸೋರು ಎಲ್ರೂ ಒಂದಲ್ಲ ಒಂದು ದಿನ ಸ್ಕ್ರೀನ್ ಮೇಲೆ ರನ್‌ಟೈಮ್‌ವಾರ್ನಿಂಗ್ ಅಂತ ಬಂದಿದ್ದು ನೋಡಿ, ಉತ್ತರ ಏನೋ ಬಂತಲ್ಲ ಬಿಡು ಅಂತ ಮುಂದೆ ಹೋಗಿರ್ತೀರ. ನಾನೂ ಹಾಗೇ ಹೋಗಿದ್ದೋನೇ, ಅದಕ್ಕೆ ಬೆಲೆ ತೆತ್ತ ಮೇಲೇ ಇದನ್ನೆಲ್ಲ ಕೂತು ಕಲ್ತಿದ್ದು. ಹೆಚ್ಚಾಗಿ ನಂಪೈ ಬಗ್ಗೆ ಇದೆ, ಮಧ್ಯೆ ಮಧ್ಯೆ ಸೈಪೈ, ಲಾಪ್ಯಾಕ್, ಜಿಎಸ್‌ಎಲ್ ಅನ್ನೋ ಬೇರೆ ಲೆಕ್ಕದ ಲೈಬ್ರರಿಗಳೂ ಬರತ್ತೆ. ಫಂಕ್ಷನ್ ಹೆಸರುಗಳನ್ನ ಬಾಯಲ್ಲಿ ಹೇಳೋ ಹಾಗೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲಿಂಗ್ ಹಾಕ್ಕೊಳಿ.

ಸೊನ್ನೆಯಿಂದ ಭಾಗಿಸಿದ್ರೆ ಪೈಥಾನ್ ನಿಂತೇ ಹೋಗತ್ತೆ, ನಂಪೈ ಮಾತ್ರ ವಾರ್ನಿಂಗ್ ಕೊಟ್ಟು ಮುಂದೆ ಓಡತ್ತೆ. ಯಾಕೆ?

ಬರೀ ಪೈಥಾನ್‌ನಲ್ಲಿ 1.0 / 0 ಅಂತ ಹಾಕಿದ್ರೆ ಝೀರೋಡಿವಿಷನ್‌ಎರರ್ ಬಂದು ಕೆಲಸ ಅಲ್ಲೇ ನಿಲ್ಲತ್ತೆ, ಯಾಕಂದ್ರೆ ಅದು ನೋಡ್ತಿರೋದು ಒಂದೇ ನಂಬರ್. ನಂಪೈ ಕೈಯಲ್ಲಿ ಹತ್ತು ಲಕ್ಷ ನಂಬರಿನ ಅರೇ, ಅಂದ್ರೆ ನಂಬರ್‌ಗಳ ಪಟ್ಟಿ, ಇರತ್ತೆ, ಅದ್ರಲ್ಲಿ ಒಂದು ಸೊನ್ನೆ ಸಿಕ್ತು ಅಂತ ಮಿಕ್ಕ 9,99,999 ಲೆಕ್ಕವನ್ನೂ ಬಿಸಾಕೋಕೆ ಆಗತ್ತಾ? ಅದಕ್ಕೆ ಆ ಒಂದು ಜಾಗದಲ್ಲಿ ಇನ್ಫಿನಿಟಿ ಇಟ್ಟು, ನಿಮಗೊಂದು ಮಾತು ಹೇಳಿ, ಮುಂದೆ ಹೋಗತ್ತೆ.

ಇದು ನಂಪೈನೋರು ಕಂಡುಹಿಡಿದ ನಿಯಮ ಅಲ್ಲ. ಫ್ಲೋಟ್ (ದಶಮಾಂಶ) ನಂಬರ್‌ಗಳ ಲೆಕ್ಕಕ್ಕೆ 1985ರಲ್ಲಿ ಬಂದ ಐಟ್ರಿಪಲ್‌ಇ 754 ಸ್ಟ್ಯಾಂಡರ್ಡೇ ಹೀಗೆ ಹೇಳಿರೋದು, ಆಮೇಲೆ 2008ರಲ್ಲಿ, 2019ರಲ್ಲಿ ಅದನ್ನ ತಿದ್ದಿದ್ರು. ಅದರ ಹಿಂದೆ ಇದ್ದ ಮುಖ್ಯ ತಲೆ ವಿಲಿಯಂ ಕಹಾನ್, 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಬಂತು. ಸ್ಟ್ಯಾಂಡರ್ಡ್ ಪ್ರಕಾರ ಐದು ಥರದ ತಕರಾರು ಇದೆ: ಸೊನ್ನೆಯಿಂದ ಭಾಗಾಕಾರ, ಓವರ್‌ಫ್ಲೋ (ಉತ್ತರ ಹಿಡಿಸದಷ್ಟು ದೊಡ್ಡದು), ಅಂಡರ್‌ಫ್ಲೋ (ಹಿಡಿಸದಷ್ಟು ಚಿಕ್ಕದು), ಇನ್‌ವ್ಯಾಲಿಡ್ (ಅರ್ಥವೇ ಇಲ್ಲದ ಲೆಕ್ಕ), ಇನ್‌ಎಗ್ಸ್ಯಾಕ್ಟ್. ಕೊನೇದು ಅಂದ್ರೆ ರೌಂಡಿಂಗ್ ಆಯ್ತು ಅಂತ ಅಷ್ಟೇ, 0.1 + 0.2ಕ್ಕೂ ಅದು ಆಗತ್ತೆ, ಅದಕ್ಕೆಲ್ಲ ಕೂಗ್ತಾ ಕೂತ್ರೆ ಬೇರೆ ಕೆಲಸ ಆಗಲ್ಲ, ಹಾಗಾಗಿ ನಂಪೈ ಮೊದಲ ನಾಲ್ಕನ್ನ ಮಾತ್ರ ಗಮನಿಸತ್ತೆ.

ಡೀಫಾಲ್ಟ್ ಸೆಟ್ಟಿಂಗ್ ಏನಿದೆ? ಯಾವ ಯಾವ ಆಯ್ಕೆ ಇದೆ?

ಗೆಟ್‌ಎರ್ ಅಂತ ಕರೆದ್ರೆ ಈಗ ಏನಿದೆ ಅಂತ ತೋರಿಸತ್ತೆ. ಡೀಫಾಲ್ಟ್ ಆಗಿ ಡಿವೈಡ್, ಓವರ್, ಇನ್‌ವ್ಯಾಲಿಡ್ ಮೂರೂ ವಾರ್ನ್, ಅಂಡರ್ ಮಾತ್ರ ಇಗ್ನೋರ್. ಒಂದೊಂದಕ್ಕೂ ಆರು ಆಯ್ಕೆ ಇದೆ. ಇಗ್ನೋರ್ ಅಂದ್ರೆ ಬಾಯಿ ಮುಚ್ಕೊಂಡಿರು, ವಾರ್ನ್ ಅಂದ್ರೆ ಪೈಥಾನ್ ವಾರ್ನಿಂಗ್ ಕೊಡು, ರೈಸ್ ಅಂದ್ರೆ ಫ್ಲೋಟಿಂಗ್‌ಪಾಯಿಂಟ್‌ಎರರ್ ಎಸೆ, ಪ್ರಿಂಟ್ ಅಂದ್ರೆ ನೇರ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಒಂದು ಸಾಲು ಬರಿ, ಕಾಲ್ ಅಂದ್ರೆ ನಾನು ಕೊಟ್ಟ ಫಂಕ್ಷನ್ ಕರಿ, ಲಾಗ್ ಅಂದ್ರೆ ನಾನು ಕೊಟ್ಟ ಆಬ್ಜೆಕ್ಟಿನ ರೈಟ್ ಮೆಥಡ್‌ಗೆ ಬರಿ. ಪ್ರಿಂಟ್ ನಾನು ಯಾವತ್ತೂ ಬಳಸಿಲ್ಲ, ನಿಮ್ಮ ಪ್ರೋಗ್ರಾಮಿನ ಔಟ್‌ಪುಟ್‌ನ ಇನ್ನೊಂದು ಪ್ರೋಗ್ರಾಂ ಓದ್ತಿದ್ರೆ ಮಧ್ಯದಲ್ಲಿ ಈ ಸಾಲು ನುಗ್ಗಿ ಎಲ್ಲ ಕೆಡಿಸತ್ತೆ.

ಸೆಟ್‌ಎರ್ ಬಳಸ್ಲಾ, ಎರ್‌ಸ್ಟೇಟ್ ಬಳಸ್ಲಾ?

ಎರ್‌ಸ್ಟೇಟ್. ತೊಂಬತ್ತು ಭಾಗ ಇದೇ ಉತ್ತರ.

ಸೆಟ್‌ಎರ್ ಹಾಕಿದ್ರೆ ಆ ಸೆಟ್ಟಿಂಗು ನೀವು ವಾಪಸ್ ಬದಲಾಯಿಸೋ ತನಕ ಹಾಗೇ ಇರತ್ತೆ, ನಿಮ್ಮ ಕೋಡಿಗೆ ಮಾತ್ರ ಅಲ್ಲ, ನೀವು ಇಂಪೋರ್ಟ್ ಮಾಡಿರೋ ಬೇರೆಯವರ ಕೋಡಿಗೂ. ಎರ್‌ಸ್ಟೇಟ್ ಹಾಗಲ್ಲ, ವಿತ್ ಬ್ಲಾಕ್ ಒಳಗೆ ಮಾತ್ರ ಇರತ್ತೆ, ಹೊರಗೆ ಬಂದ ತಕ್ಷಣ, ಮಧ್ಯದಲ್ಲಿ ಎರರ್ ಬಂದು ಆಚೆ ಬಿದ್ರೂನೂ, ಮೊದಲಿದ್ದ ಸೆಟ್ಟಿಂಗ್ ವಾಪಸ್ ಬರತ್ತೆ:

ವಿತ್ ಎನ್‌ಪಿ.ಎರ್‌ಸ್ಟೇಟ್(ಡಿವೈಡ್='ಇಗ್ನೋರ್'):

ಅಂತ ಬರೆದು ಒಳಗೆ ಆ ಒಂದು ಭಾಗಾಕಾರದ ಸಾಲು ಇಟ್ರೆ ಸಾಕು (ಎನ್‌ಪಿ ಅಂದ್ರೆ ನಂಪೈಗೆ ಇಡೋ ಚಿಕ್ಕ ಹೆಸರು). ಇಡೀ ಫಂಕ್ಷನ್‌ಗೆ ಬೇಕಂದ್ರೆ ಇದನ್ನೇ ಡೆಕೊರೇಟರ್ ಥರ ಮೇಲ್ಗಡೆ ಅಂಟಿಸಬಹುದು.

ನನ್ನ ಕಥೆ ಕೇಳಿ. ನೋಟ್‌ಬುಕ್‌ನ ಮೊದಲ ಸೆಲ್ಲಲ್ಲೇ ಸೆಟ್‌ಎರ್ ಆಲ್ ಇಗ್ನೋರ್ ಅಂತ ಹಾಕಿಟ್ಟಿದ್ದೆ, ಸ್ಕ್ರೀನ್ ಕ್ಲೀನಾಗಿ ಕಾಣ್ಲಿ ಅಂತ. ಅದೇ ಫೈಲನ್ನ ಆಮೇಲೆ ಸ್ಕ್ರಿಪ್ಟ್ ಮಾಡಿ ರಾತ್ರಿ ಓಡಿಸೋಕೆ ಬಿಟ್ಟೆ, ಬೆಳಿಗ್ಗೆ ಎದ್ದು ನೋಡಿದ್ರೆ ಫೈಲ್ ತುಂಬ ನ್ಯಾನ್, ನ್ಯಾನ್, ನ್ಯಾನ್. ನ್ಯಾನ್ ಅಂದ್ರೆ 'ಇದು ನಂಬರೇ ಅಲ್ಲ' ಅನ್ನೋ ಗುರುತು. ಮೂರನೇ ಸ್ಟೆಪ್ಪಲ್ಲೇ ಸೊನ್ನೆ ಬೈ ಸೊನ್ನೆ ಆಗಿತ್ತು, ಅಲ್ಲಿಂದ ಮುಂದೆ ರಾತ್ರಿಯಿಡೀ ಮೆಷಿನ್ನು ನ್ಯಾನಿಗೆ ನ್ಯಾನ್ ಕೂಡಿಸ್ತಾ ಕೂತಿತ್ತು. ಬೈಯೋಕೆ ಯಾರೂ ಇರ್ಲಿಲ್ಲ, ಆ ಸಾಲು ಬರ್ದಿದ್ದು ನಾನೇ.

ಲೂಪ್ ಒಳಗೆ ಸಾವಿರ ಸಲ ತಪ್ಪಾಗ್ತಿದೆ, ವಾರ್ನಿಂಗ್ ಮಾತ್ರ ಒಂದೇ ಸಲ ಬರ್ತಿದೆ. ಬಗ್ಗಾ?

ಬಗ್ ಅಲ್ಲ. ವಾರ್ನ್ ಮೋಡ್‌ನಲ್ಲಿ ನಂಪೈ ತನ್ನ ಮಾತನ್ನ ಪೈಥಾನಿನ ವಾರ್ನಿಂಗ್ಸ್ ಮಾಡ್ಯೂಲ್ ಕೈಗೆ ಕೊಡತ್ತೆ, ಅದು ಡೀಫಾಲ್ಟ್ ಆಗಿ ಒಂದೇ ಜಾಗದಿಂದ ಬಂದ ಒಂದೇ ಮೆಸೇಜನ್ನ ಒಂದೇ ಸಲ ತೋರಿಸತ್ತೆ. ಜಾಗ ಅಂದ್ರೆ ಮಾಡ್ಯೂಲು ಮತ್ತೆ ಸಾಲಿನ ನಂಬರು. ಇದ್ರಿಂದ ತುಂಬ ಜನ ಮೋಸ ಹೋಗ್ತಾರೆ, ಒಂದೇ ಸಲ ಬಂತು, ಯಾವುದೋ ಒಂದು ಹಾಳು ಡೇಟಾ ಇರ್ಬೇಕು ಅಂದ್ಕೊಂಡು ಸುಮ್ನಾಗ್ತಾರೆ.

ಎಲ್ಲ ಸಲನೂ ಬೇಕಂದ್ರೆ ಸಿಂಪಲ್‌ಫಿಲ್ಟರ್‌ಗೆ ಆಲ್ವೇಸ್ ಅಂತ ಕೊಡಿ. ಆದ್ರೆ ಹತ್ತು ಸಾವಿರ ಸಾಲು ಸ್ಕ್ರೀನಲ್ಲಿ ಸುರೀತಾ ಇದ್ರೆ ಓದೋರು ಯಾರು, ಅದ್ರ ಬದಲು ಎಣಿಸೋದು ಒಳ್ಳೇದು. ಎರ್‌ಸ್ಟೇಟ್‌ಗೆ ಆಲ್='ಕಾಲ್' ಅಂತ ಹೇಳಿ, ಜೊತೆಗೆ ಕಾಲ್ ಅನ್ನೋ ಆರ್ಗ್ಯುಮೆಂಟಿಗೆ ನಿಮ್ಮ ಸಣ್ಣ ಫಂಕ್ಷನ್ ಕೊಡಿ. ನಂಪೈ ಅದಕ್ಕೆ ಎರಡು ಸಂಗತಿ ಕಳಿಸತ್ತೆ: ತಕರಾರಿನ ಹೆಸರು ಒಂದು ಸ್ಟ್ರಿಂಗಾಗಿ, ಮತ್ತೆ ಒಂದು ಫ್ಲ್ಯಾಗ್ ನಂಬರ್, ಡಿವೈಡ್ ಆದ್ರೆ 1, ಓವರ್‌ಫ್ಲೋ 2, ಅಂಡರ್‌ಫ್ಲೋ 4, ಇನ್‌ವ್ಯಾಲಿಡ್ 8, ಒಂದಕ್ಕಿಂತ ಹೆಚ್ಚು ಆಗಿದ್ರೆ ಅವುಗಳ ಮೊತ್ತ. ಹೆಸರಿನ ಮೇಲೆ ಕೌಂಟರ್ ಏರಿಸ್ತಾ ಹೋಗಿ, ರನ್ ಮುಗಿದ ಮೇಲೆ ಓವರ್‌ಫ್ಲೋ ಇಷ್ಟು, ಇನ್‌ವ್ಯಾಲಿಡ್ ಇಷ್ಟು ಅಂತ ಒಂದೇ ಸಾಲು ಪ್ರಿಂಟ್ ಮಾಡಿ.

ವಾರ್ನಿಂಗ್ ಬಂತು ಸರಿ, ಅರೇಯ ಎಷ್ಟನೇ ಎಲಿಮೆಂಟ್ ತಪ್ಪು ಅಂತ ಯಾಕೆ ಹೇಳಲ್ಲ?

ಅದಕ್ಕೇ ಗೊತ್ತಿಲ್ಲ, ಅದಕ್ಕೆ. ಪ್ರೊಸೆಸರ್ ಒಳಗೆ ಪ್ರತಿ ತಕರಾರಿಗೂ ಒಂದು ಸಣ್ಣ ಬಿಟ್ ಇರತ್ತೆ, ತಪ್ಪಾದ್ರೆ ಅದು ಮೇಲೇಳತ್ತೆ, ಎದ್ದಿದ್ದು ಯಾರಾದ್ರೂ ಇಳಿಸೋ ತನಕ ಇಳಿಯಲ್ಲ. ನಂಪೈ ಇಡೀ ಅರೇ ಮೇಲೆ ಲೂಪ್ ಓಡಿಸಿ ಮುಗಿಸಿ ಆಮೇಲೆ ಒಂದೇ ಸಲ ಆ ಬಿಟ್‌ಗಳನ್ನ ನೋಡತ್ತೆ. ಒಂದು ಎಲಿಮೆಂಟ್ ಕೆಟ್ಟಿದ್ರೂ ಅಷ್ಟೇ, ಎಲ್ಲ ಕೆಟ್ಟಿದ್ರೂ ಅಷ್ಟೇ.

ಹುಡುಕೋ ಕೆಲಸ ನಿಮ್ದು: ಈಸ್‌ಫೈನೈಟ್ ಹಾಕಿ, ಟಿಲ್ಡೆ ಹಾಕಿ ತಿರುಗಿಸಿ, ಫ್ಲಾಟ್‌ನಾನ್‌ಝೀರೋಗೆ ಕೊಟ್ರೆ ಕೆಟ್ಟ ಜಾಗದ ಇಂಡೆಕ್ಸ್‌ಗಳು ಸಿಗತ್ತೆ. ಔಟ್‌ಪುಟ್‌ಗೂ ಮಾಡಿ, ಇನ್‌ಪುಟ್‌ಗೂ ಮಾಡಿ, ಎರಡರಲ್ಲೂ ಒಂದೇ ಜಾಗ ಕೆಟ್ಟಿದ್ರೆ ತಪ್ಪು ನಿಮ್ಮ ಸೂತ್ರದ್ದಲ್ಲ, ಮೊದಲೇ ಕೆಟ್ಟು ಬಂದಿದೆ.

ಇದೇ ಕಾರಣಕ್ಕೆ ಇನ್ನೊಂದು ಬಲೆ ಇದೆ. ರೈಸ್ ಮೋಡ್ ಹಾಕಿ ಎ /= ಬಿ ಅಂತ ಅದೇ ಅರೇ ಮೇಲೆ ಬರೆದ್ರೆ, ಎಕ್ಸೆಪ್ಷನ್ ಬರೋದು ಲೂಪ್ ಆದ ಮೇಲೆ, ಅಷ್ಟೊತ್ತಿಗೆ ಎ ಒಳಗಿನ ಬೆಲೆಗಳು ಬದಲಾಗಿ ಹೋಗಿರತ್ತೆ. ಟ್ರೈ ಎಕ್ಸೆಪ್ಟ್ ಹಾಕಿದೀನಿ, ಹಳೇ ಎ ಹಾಗೇ ಇರತ್ತೆ ಅಂತ ನಂಬ್ಕೊಂಡ್ರೆ ಕೆಟ್ರಿ.

ನನ್ನ ಉತ್ತರ ಪೂರ್ತಿ ನ್ಯಾನ್, ಒಂದೂ ವಾರ್ನಿಂಗ್ ಬರ್ಲಿಲ್ಲ. ಹೇಗೆ ಸಾಧ್ಯ?

ನ್ಯಾನ್ ಹುಟ್ಟುವಾಗ ಮಾತ್ರ ಕೂಗತ್ತೆ, ಹುಟ್ಟಿದ ಮೇಲೆ ಓಡಾಡುವಾಗ ಕೂಗಲ್ಲ. ಸೊನ್ನೆ ಬೈ ಸೊನ್ನೆ, ಇನ್ಫಿನಿಟಿ ಮೈನಸ್ ಇನ್ಫಿನಿಟಿ, ಸೊನ್ನೆ ಇಂಟು ಇನ್ಫಿನಿಟಿ, ನೆಗೆಟಿವ್ ನಂಬರಿನ ಸ್ಕ್ವೇರ್ ರೂಟ್, ಇವೆಲ್ಲ ಹುಟ್ಟೋ ಜಾಗ, ಇಲ್ಲಿ ಇನ್‌ವ್ಯಾಲಿಡ್ ಅಂತ ಬರತ್ತೆ. ನ್ಯಾನ್ + 1 ಅಂದ್ರೆ ಹೊಸದೇನೂ ಆಗಿಲ್ಲ, ಸುಮ್ನೆ ನ್ಯಾನ್ ಬರತ್ತೆ, ಯಾವ ಬಿಟ್ಟೂ ಏಳಲ್ಲ. ಹಾಗಾಗಿ ಸಿಎಸ್‌ವಿ ಫೈಲಲ್ಲಿ ಖಾಲಿ ಖಾನೆ ಇದ್ದು ಅದು ನ್ಯಾನ್ ಆಗಿ ಒಳಗೆ ಬಂದಿದ್ರೆ, ಆಲ್='ರೈಸ್' ಅಂತ ಹಾಕಿದ್ರೂ ನಂಪೈ ತುಟಿ ಬಿಚ್ಚಲ್ಲ.

ಪ್ಯಾಂಡಾಸ್ (ಟೇಬಲ್ ಡೇಟಾಗೆ ಇರೋ ಲೈಬ್ರರಿ) ಬಳಸ್ತಿದ್ರೆ ಇನ್ನೊಂದು ಕಾರಣ: ಅದು ತನ್ನ ಕೂಡು ಕಳೆ ಲೆಕ್ಕಗಳನ್ನ ಒಳಗಡೆ ಎರ್‌ಸ್ಟೇಟ್ ಇಗ್ನೋರ್ ಹಾಕ್ಕೊಂಡೇ ಮಾಡತ್ತೆ, ಸೀರೀಸನ್ನ ಸೊನ್ನೆಯಿಂದ ಭಾಗಿಸಿದ್ರೆ ಸದ್ದಿಲ್ದೆ ಇನ್ಫಿನಿಟಿ ಕೊಡತ್ತೆ.

ಡೇಟಾ ಒಳಗೆ ಬರೋ ಬಾಗಿಲಲ್ಲೇ ಈಸ್‌ಫೈನೈಟ್ ಚೆಕ್ ಒಂದು ಇಡಿ. ಮತ್ತೆ ನ್ಯಾನನ್ನ == ಹಾಕಿ ಹುಡುಕ್ಬೇಡಿ, ನ್ಯಾನ್ ತನಗೆ ತಾನೇ ಸಮ ಅಲ್ಲ.

ವೇರ್ ಹಾಕಿ ಸೊನ್ನೆ ಇರೋ ಕಡೆ ತಪ್ಪಿಸಿದೀನಿ, ಆದ್ರೂ ವಾರ್ನಿಂಗ್ ಬರತ್ತೆ!

ಎನ್‌ಪಿ.ವೇರ್(ಬಿ != 0, ಎ / ಬಿ, 0) ಅಂತ ತಾನೇ ಬರ್ದಿದೀರ? ವೇರ್ ಒಂದು ಸಾಮಾನ್ಯ ಫಂಕ್ಷನ್, ಅದಕ್ಕೆ ಕಳಿಸೋಕೆ ಮುಂಚೆನೇ ಎ / ಬಿ ಪೂರ್ತಿ ಲೆಕ್ಕ ಆಗಿರತ್ತೆ, ಸೊನ್ನೆ ಇರೋ ಕಡೆನೂ ಸೇರಿ. ಅದು ಲೆಕ್ಕ ತಪ್ಪಿಸಲ್ಲ, ಲೆಕ್ಕ ಆದ ಮೇಲೆ ಆರಿಸತ್ತೆ ಅಷ್ಟೆ.

ನಿಜವಾಗ್ಲೂ ತಪ್ಪಿಸ್ಬೇಕಂದ್ರೆ ಡಿವೈಡ್ ಫಂಕ್ಷನ್ನಿಗೇ ಇರೋ ವೇರ್ ಆರ್ಗ್ಯುಮೆಂಟ್ ಬಳಸಿ: ಎನ್‌ಪಿ.ಡಿವೈಡ್(ಎ, ಬಿ, ಔಟ್=ಎನ್‌ಪಿ.ಝೀರೋಸ್_ಲೈಕ್(ಎ), ವೇರ್=(ಬಿ != 0)). ಔಟ್ ಕೊಡೋದು ಮರೀಬೇಡಿ ದಯವಿಟ್ಟು, ಮರೆತ್ರೆ ಬಿಟ್ಟ ಜಾಗದಲ್ಲಿ ಮೆಮೊರಿಯಲ್ಲಿ ಮೊದಲು ಏನಿತ್ತೋ ಆ ಕಸ ಹಾಗೇ ಉಳಿಯತ್ತೆ, ಅದು ಕೆಲವೊಮ್ಮೆ ನೋಡೋಕೆ ಸರಿಯಾದ ನಂಬರ್ ಥರಾನೇ ಇರತ್ತೆ. ಎ ಇಂಟಿಜರ್ ಅರೇ ಆಗಿದ್ರೆ ಝೀರೋಸ್_ಲೈಕ್ ಕೂಡ ಇಂಟಿಜರ್ ಕೊಟ್ಟು ಇನ್ನೊಂದು ಎರರ್ ಬರತ್ತೆ, ಮೊದಲೇ ಫ್ಲೋಟ್ ಮಾಡ್ಕೊಳಿ. ಲಾಗ್‌ಗೂ ಇದೇ ಉಪಾಯ.

ಓವರ್‌ಫ್ಲೋ ಎನ್‌ಕೌಂಟರ್ಡ್ ಇನ್ ಎಕ್ಸ್ಪ್ ಅಂತ ಬರ್ತಿದೆ. ಇಗ್ನೋರ್ ಮಾಡ್ಲಾ?

ಕೆಲವು ಸಲ ಮಾಡಬಹುದು, ಹೆಚ್ಚಿನ ಸಲ ಅದು ಸೂತ್ರ ಬದಲಾಯಿಸು ಅಂತ ಹೇಳ್ತಿರೋದು. 64 ಬಿಟ್ ಫ್ಲೋಟಲ್ಲಿ ಹಿಡಿಯೋ ದೊಡ್ಡ ನಂಬರು ಸುಮಾರು 1.8 × 10^308, ಎಕ್ಸ್ಪ್ (e ಯ ಘಾತ) 709 ಹಿಡಿಯತ್ತೆ, 710 ಹಿಡಿಯಲ್ಲ. 32 ಬಿಟ್ಟಲ್ಲಿ 89ಕ್ಕೇ ಕೈ ಎತ್ತತ್ತೆ. 16 ಬಿಟ್ಟಲ್ಲಂತೂ 65504 ಅಷ್ಟೇ ಮಿತಿ.

ಸಾಫ್ಟ್‌ಮ್ಯಾಕ್ಸ್ ತಗೊಳಿ, ಪ್ರತಿ ನಂಬರಿನ ಎಕ್ಸ್ಪನ್ನ ಎಲ್ಲ ಎಕ್ಸ್ಪ್‌ಗಳ ಮೊತ್ತದಿಂದ ಭಾಗಿಸೋ ಸೂತ್ರ ಅದು. ಇನ್‌ಪುಟ್ 1000, 1001, 1002. ಪುಸ್ತಕದಲ್ಲಿರೋ ಸೂತ್ರ ಹಾಗೇ ಹಾಕಿದ್ರೆ ಮೂರಕ್ಕೂ ಎಕ್ಸ್ಪ್ ಇನ್ಫಿನಿಟಿ, ಮೊತ್ತನೂ ಇನ್ಫಿನಿಟಿ, ಇನ್ಫಿನಿಟಿ ಬೈ ಇನ್ಫಿನಿಟಿ ನ್ಯಾನ್. ಸ್ಕ್ರೀನಲ್ಲಿ ಎರಡು ವಾರ್ನಿಂಗ್ ಬರತ್ತೆ, ಮೊದಲು ಎಕ್ಸ್ಪ್ ಸಾಲಿಗೆ ಓವರ್‌ಫ್ಲೋ, ಆಮೇಲೆ ಡಿವೈಡ್ ಸಾಲಿಗೆ ಇನ್‌ವ್ಯಾಲಿಡ್. ಜನ ಎರಡನೇದನ್ನ ಹಿಡ್ಕೊಂಡು ಭಾಗಾಕಾರ ಸರಿ ಮಾಡೋಕೆ ಹೋಗ್ತಾರೆ, ಛೇದಕ್ಕೆ 1ಇ-8 ಕೂಡಿಸ್ತಾರೆ, ಇನ್ಫಿನಿಟಿಗೆ ಅದನ್ನ ಕೂಡಿಸಿ ಏನು ಬಂತು ಭಾಗ್ಯ! ಯಾವಾಗ್ಲೂ ಮೊದಲ ವಾರ್ನಿಂಗ್ ನೋಡಿ. ಮೂರರಿಂದಲೂ ದೊಡ್ಡದಾದ 1002 ಕಳೆದ್ರೆ -2, -1, 0 ಆಗತ್ತೆ, ಎಕ್ಸ್ಪ್ ತಗೊಂಡ್ರೆ 0.1353, 0.3679, 1, ಮೊತ್ತ 1.5032, ಭಾಗಿಸಿದ್ರೆ 0.0900, 0.2447, 0.6652. ಗಣಿತದಲ್ಲಿ ಎರಡೂ ಒಂದೇ ಸೂತ್ರ, ಮೆಷಿನ್ನಿಗೆ ಮಾತ್ರ ಬೇರೆ.

ಇಗ್ನೋರ್ ಮಾಡಬಹುದಾದ್ದು ಯಾವುದು ಅಂದ್ರೆ 1 / (1 + ಎಕ್ಸ್ಪ್(-ಎಕ್ಸ್)) ಥರದ್ದು. ಎಕ್ಸ್ ಮೈನಸ್ 800 ಆದ್ರೆ ಎಕ್ಸ್ಪ್ ಇನ್ಫಿನಿಟಿ ಆಗತ್ತೆ, ಆದ್ರೆ 1 ಬೈ ಇನ್ಫಿನಿಟಿ ಸೊನ್ನೆ, ಅದೇ ಸರಿಯಾದ ಉತ್ತರ. ಇಲ್ಲಿ ಆ ಒಂದೇ ಸಾಲಿಗೆ ಓವರ್='ಇಗ್ನೋರ್' ಹಾಕಿ, ಯಾಕೆ ಹಾಕಿದೀರ ಅಂತ ಪಕ್ಕದಲ್ಲಿ ಕಾಮೆಂಟ್ ಬರೀರಿ.

ಅಂಡರ್‌ಫ್ಲೋ ಡೀಫಾಲ್ಟಾಗೇ ಇಗ್ನೋರ್ ಇದೆಯಲ್ಲ, ಅಂದ್ರೆ ಅದ್ರಿಂದ ತೊಂದ್ರೆ ಇಲ್ವಾ?

ತುಂಬ ಚಿಕ್ಕ ನಂಬರ್ ಸೊನ್ನೆ ಆದ್ರೆ ಕೂಡಿಸೋ ಲೆಕ್ಕದಲ್ಲಿ ಯಾರಿಗೂ ಗೊತ್ತೇ ಆಗಲ್ಲ, ಗುಣಿಸೋ ಲೆಕ್ಕದಲ್ಲಿ ಗೊತ್ತಾಗತ್ತೆ. 0.01 ಅನ್ನ 200 ಸಲ ಗುಣಿಸಿದ್ರೆ 10^-400, ಮೆಷಿನ್ನಿನ ಅತಿ ಚಿಕ್ಕ ನಂಬರು ಸುಮಾರು 4.9 × 10^-324, ಹಾಗಾಗಿ ಉತ್ತರ ಸೊನ್ನೆ, ಆಮೇಲೆ ಅದರ ಲಾಗ್ ಮೈನಸ್ ಇನ್ಫಿನಿಟಿ. ಪ್ರಾಬಬಿಲಿಟಿ ಗುಣಿಸೋರಿಗೆಲ್ಲ ಇದು ಆಗತ್ತೆ. ಮೊದಲೇ ಲಾಗ್ ತಗೊಂಡು ಕೂಡಿಸಿದ್ರೆ ಸುಮಾರು -921.03, ಆರಾಮಾಗಿ ಬರತ್ತೆ. ಈ ಥರದ ಕೋಡ್ ಬರೀತಿದ್ರೆ ಟೆಸ್ಟ್ ಮಾಡುವಾಗಾದ್ರೂ ಅಂಡರ್='ವಾರ್ನ್' ಹಾಕಿ ನೋಡಿ.

ಇಂಟಿಜರ್ ಓವರ್‌ಫ್ಲೋ ಕೂಡ ಓವರ್ ಅನ್ನೋದ್ರಲ್ಲೇ ಬರತ್ತಾ?

ಅರೇಗೆ ಬರಲ್ಲ. ಇಂಟ್8 ಅರೇಲಿ 100 + 100 ಮಾಡಿ ನೋಡಿ, -56 ಬರತ್ತೆ, ಒಂದು ಮಾತೂ ಹೇಳಲ್ಲ. ಆ ಬಿಟ್‌ಗಳೆಲ್ಲ ಫ್ಲೋಟಿಂಗ್ ಪಾಯಿಂಟಿಗೆ ಸೇರಿದ್ದು, ಇಂಟಿಜರ್ ಕೂಡೋದ್ರಲ್ಲಿ ಏಳೋದೇ ಇಲ್ಲ. ಒಂಟಿ ಸ್ಕೇಲರ್ ಆಗಿದ್ರೆ ಮಾತ್ರ ನಂಪೈ ತಾನೇ ಚೆಕ್ ಮಾಡಿ ಎಚ್ಚರಿಸತ್ತೆ. ಇಂಟಿಜರನ್ನ ಸೊನ್ನೆಯಿಂದ // ಮಾಡಿದ್ರೆ ವಾರ್ನಿಂಗ್ ಕೊಟ್ಟು ಉತ್ತರ 0 ಅಂತ ಇಡತ್ತೆ, ಇಂಟಿಜರಲ್ಲಿ ಇನ್ಫಿನಿಟಿ ಅನ್ನೋದಕ್ಕೆ ಜಾಗ ಇಲ್ವಲ್ಲ.

ಎರ್‌ಸ್ಟೇಟ್ ಹಾಕಿದೀನಿ, ಆದ್ರೂ ಮೀನ್ ಆಫ್ ಎಂಪ್ಟಿ ಸ್ಲೈಸ್ ಅಂತ ಬರ್ತಾನೇ ಇದೆ.

ಎಲ್ಲ ವಾರ್ನಿಂಗೂ ಒಂದೇ ಮನೆಯಿಂದ ಬರಲ್ಲ. ಎರ್‌ಸ್ಟೇಟ್‌ಗೆ ಗೊತ್ತಿರೋದು ಆ ನಾಲ್ಕು ಹಾರ್ಡ್‌ವೇರ್ ತಕರಾರು ಮಾತ್ರ. ನ್ಯಾನ್‌ಮೀನ್‌ಗೆ ಪೂರ್ತಿ ನ್ಯಾನ್ ಇರೋ ಸಾಲು ಕೊಟ್ಟಾಗ ಬರೋ ಎಂಪ್ಟಿ ಸ್ಲೈಸ್, ಪಾಲಿಫಿಟ್ ಕೊಡೋ ರ‍್ಯಾಂಕ್‌ವಾರ್ನಿಂಗ್, ಹಳೇ ಫಂಕ್ಷನ್ ಬಳಸಿದ್ರೆ ಬರೋ ಡೆಪ್ರಿಕೇಷನ್‌ವಾರ್ನಿಂಗ್, ಇವೆಲ್ಲ ಪೈಥಾನ್ ಕೋಡಲ್ಲೇ ಯಾರೋ ಬರ್ದಿಟ್ಟ ಮಾತು. ಇವಕ್ಕೆ ವಾರ್ನಿಂಗ್ಸ್ ಮಾಡ್ಯೂಲಿನ ಕ್ಯಾಚ್_ವಾರ್ನಿಂಗ್ಸ್, ಫಿಲ್ಟರ್‌ವಾರ್ನಿಂಗ್ಸ್ ಬೇಕು, ಫಿಲ್ಟರ್ ಹಾಕುವಾಗ ಮೆಸೇಜಿನ ಮಾತು ಮತ್ತೆ ಕೆಟಗರಿ ಎರಡೂ ಕೊಟ್ಟು ಅದೊಂದನ್ನೇ ಮುಚ್ಚಿ.

ಸಿಂಗ್ಯುಲರ್ ಮ್ಯಾಟ್ರಿಕ್ಸ್ ಎರರನ್ನ ಎರ್‌ಸ್ಟೇಟಿಂದ ನಿಲ್ಲಿಸಬಹುದಾ?

ಆಗಲ್ಲ, ಸಿಂಗ್ಯುಲರ್, ಅಂದ್ರೆ ಇನ್ವರ್ಸ್ ಇಲ್ಲದ ಮ್ಯಾಟ್ರಿಕ್ಸ್ ಕೊಟ್ಟಾಗ ಬರೋದು ಲಿನ್‌ಆಲ್ಗ್‌ಎರರ್, ನೇರ ಎಕ್ಸೆಪ್ಷನ್. ಟ್ರೈ ಎಕ್ಸೆಪ್ಟ್ ಒಂದೇ ದಾರಿ.

ಆದ್ರೆ ಎರರ್ ಬಂದ್ರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂದ್ಕೊಳಿ, ಬರದೇ ಇದ್ರೆ ಕಷ್ಟ. ಒಳಗೆ ಕೆಲಸ ಮಾಡೋದು ಲಾಪ್ಯಾಕ್, 1992ರಿಂದ ಇರೋ ಫೋರ್ಟ್ರಾನ್ ಲೈಬ್ರರಿ, ಅದರ ಮುಖ್ಯ ರೊಟೀನ್‌ಗಳೆಲ್ಲ ಕೊನೇಲಿ ಇನ್ಫೋ ಅಂತ ಒಂದು ನಂಬರ್ ವಾಪಸ್ ಕೊಡತ್ತೆ. ಸೊನ್ನೆ ಅಂದ್ರೆ ಕೆಲಸ ಆಯ್ತು. ಮೈನಸ್ 4 ಅಂದ್ರೆ ನಾಲ್ಕನೇ ಆರ್ಗ್ಯುಮೆಂಟ್ ತಪ್ಪು. ಪ್ಲಸ್ ಅಂದ್ರೆ ಲೆಕ್ಕದಲ್ಲೇ ಸಿಕ್ಕಿಹಾಕ್ಕೊಂಡೆ ಅಂತ, ಎಲ್‌ಯು ಮಾಡೋ (ಮ್ಯಾಟ್ರಿಕ್ಸನ್ನ ಎರಡು ತ್ರಿಕೋನ ಮ್ಯಾಟ್ರಿಕ್ಸಾಗಿ ಒಡೆಯೋ) ಡಿಜೆಟ್‌ಆರ್‌ಎಫ್ ಪ್ಲಸ್ 3 ಕೊಟ್ರೆ ಮೂರನೇ ಪಿವೊಟ್ (ಭಾಗಿಸೋಕೆ ಬಳಸೋ ನಂಬರು) ಸೊನ್ನೆ ಆಯ್ತು ಅಂತ ಅರ್ಥ. ಸೊನ್ನೆ ಅಂದ್ರೆ ಖಡಾಖಂಡಿತ ಸೊನ್ನೆ, ಸೊನ್ನೆಗೆ ಹತ್ತಿರ ಅಲ್ಲ.

1ರಿಂದ 9ರ ತನಕ ಸಾಲಾಗಿ ತುಂಬಿದ 3 × 3 ಮ್ಯಾಟ್ರಿಕ್ಸ್ ತಗೊಳಿ, ಅದು ಸಿಂಗ್ಯುಲರ್, ಡಿಟರ್ಮಿನಂಟ್ ಸೊನ್ನೆ, ಕೈಯಲ್ಲೇ ಲೆಕ್ಕ ಮಾಡಬಹುದು. ನಂಪೈ ಡಿಟ್ ಮಾತ್ರ ತುಂಬ ಸಲ 6.66 × 10^-16 ಅಂತ ಕೊಡತ್ತೆ, ರೌಂಡಿಂಗಿನ ಧೂಳು ಅದು. ಆಗ ಇನ್ವರ್ಸ್ ಕೇಳಿದ್ರೆ ಎರರ್ ಇಲ್ದೆ 10^15 ಸೈಜಿನ ನಂಬರ್‌ಗಳನ್ನ ಧೈರ್ಯವಾಗಿ ಕೈಗಿಡತ್ತೆ. ಎನ್‌ಪಿ.ಲಿನ್‌ಆಲ್ಗ್.ಕಾಂಡ್ ಹಾಕಿ ಕಂಡಿಷನ್ ನಂಬರ್ (ಇನ್‌ಪುಟ್‌ನ ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ದೊಡ್ಡದಾಗತ್ತೆ ಅನ್ನೋ ಅಳತೆ) ನೋಡಿ, 10^16 ಆಸುಪಾಸು ಇದ್ರೆ ಉತ್ತರದ ಒಂದು ಅಂಕಿನೂ ನಂಬಬೇಡಿ. ಸೈಪೈನ ಸಾಲ್ವ್ ಈ ವಿಷಯದಲ್ಲಿ ವಾಸಿ, ಮ್ಯಾಟ್ರಿಕ್ಸ್ ಇಲ್-ಕಂಡಿಷನ್ಡ್ ಇದ್ರೆ ಆರ್‌ಕಾಂಡ್ (ಕಂಡಿಷನ್ ನಂಬರಿನ ತಲೆಕೆಳಗು) ಬೆಲೆ ಸಮೇತ ಲಿನ್‌ಆಲ್ಗ್‌ವಾರ್ನಿಂಗ್ ಕೊಡತ್ತೆ.

ಸೈಪೈಗೂ ಇದೇ ಸೆಟ್ಟಿಂಗ್ ನಡೆಯತ್ತಾ?

ಅರ್ಧಂಬರ್ಧ. ಸೈಪೈ.ಸ್ಪೆಷಲ್‌ಗೆ (ಗಣಿತದ ವಿಶೇಷ ಫಂಕ್ಷನ್‌ಗಳಿರೋ ಭಾಗ) ತನ್ನದೇ ಬೇರೆ ಸೆಟ್‌ಎರ್, ತನ್ನದೇ ಎರ್‌ಸ್ಟೇಟ್ ಇದೆ, ಕೆಟಗರಿಗಳೂ ಬೇರೆ: ಸಿಂಗ್ಯುಲರ್, ಡೊಮೇನ್, ಲಾಸ್, ಸ್ಲೋ, ನೋ_ರಿಸಲ್ಟ್ ಹೀಗೆ. ಹೆಚ್ಚುಕಮ್ಮಿ ಎಲ್ಲ ಡೀಫಾಲ್ಟಾಗಿ ಇಗ್ನೋರ್. ಗಾಮಾ ಫಂಕ್ಷನ್ನಿನ ಲಾಗ್ ಕೊಡೋ ಗಾಮಾಎಲ್‌ಎನ್‌ಗೆ 0 ಕೊಟ್ರೆ ತೆಪ್ಪಗೆ ಇನ್ಫಿನಿಟಿ ಕೊಡತ್ತೆ, ಅದರ ಎರ್‌ಸ್ಟೇಟ್‌ಗೆ ಆಲ್='ರೈಸ್' ಹಾಕಿದ್ರೆ ಸ್ಪೆಷಲ್‌ಫಂಕ್ಷನ್‌ಎರರ್ ಎಸೆಯತ್ತೆ.

ಮಿಕ್ಕ ಭಾಗಗಳದ್ದು ಒಂದೊಂದು ದಾರಿ. ಇಂಟಿಗ್ರಲ್ ಲೆಕ್ಕ ಮಾಡೋ ಕ್ವಾಡ್ ಉತ್ತರದ ಜೊತೆ ತಪ್ಪಿನ ಅಂದಾಜನ್ನೂ ಕೊಡತ್ತೆ, ಕಷ್ಟ ಆದ್ರೆ ಇಂಟಿಗ್ರೇಷನ್‌ವಾರ್ನಿಂಗ್ ಹಾಕತ್ತೆ. ಕನಿಷ್ಠ ಬೆಲೆ ಹುಡುಕೋ ಮಿನಿಮೈಝ್ ಮಾತ್ರ ಸೋತ್ರೂ ಎಕ್ಸೆಪ್ಷನ್ ಕೊಡಲ್ಲ, ರಿಸಲ್ಟ್ ಒಳಗೆ ಸಕ್ಸೆಸ್ ಅನ್ನೋದು ಫಾಲ್ಸ್ ಅಂತಿರತ್ತೆ, ಪಕ್ಕದಲ್ಲೇ ಮೆಸೇಜ್ ಅನ್ನೋದ್ರಲ್ಲಿ ಕಾರಣ ಇರತ್ತೆ, ನೀವು ಅದನ್ನ ನೋಡದೆ ನೇರ ರಿಸಲ್ಟ್.ಎಕ್ಸ್ ತಗೊಂಡು ಹೋಗ್ತೀರ. ಡಿಫರೆನ್ಷಿಯಲ್ ಸಮೀಕರಣ ಬಿಡಿಸೋ ಸಾಲ್ವ್_ಐವಿಪಿನೂ ಹಾಗೇ. ಕೋಡ್ ರಿವ್ಯೂ ಮಾಡುವಾಗ ನಾನು ಮೊದಲು ಹುಡುಕೋದೇ ಸಕ್ಸೆಸ್ ನೋಡಿದಾರಾ ಇಲ್ವಾ ಅಂತ.

ಥ್ರೆಡ್ ಒಳಗೆ ನನ್ನ ಸೆಟ್ಟಿಂಗ್ ಮಾಯ ಆಗತ್ತೆ.

ಮೇನ್ ಥ್ರೆಡ್‌ನಲ್ಲಿ ಸೆಟ್‌ಎರ್ ಹಾಕಿ ಆಮೇಲೆ ಹೊಸ ಥ್ರೆಡ್ ಶುರು ಮಾಡಿದ್ರೆ ಅದು ಸಾಮಾನ್ಯವಾಗಿ ಡೀಫಾಲ್ಟ್ ಸೆಟ್ಟಿಂಗಲ್ಲೇ ಹುಟ್ಟತ್ತೆ. ಸ್ಪಾನ್ ಮಾಡಿದ ಪ್ರೊಸೆಸ್ಸೂ ಅಷ್ಟೇ. ವರ್ಕರ್ ಫಂಕ್ಷನ್ ಒಳಗೇ ಎರ್‌ಸ್ಟೇಟ್ ಇಡಿ, ಆಗ ಎಲ್ಲಿ ಓಡಿದ್ರೂ ಚಿಂತೆ ಇಲ್ಲ.

ವಾರ್ನಿಂಗ್‌ಗಳನ್ನ ಲಾಗ್ ಫೈಲ್‌ಗೆ ಕಳಿಸೋದು ಹೇಗೆ?

ಲಾಗಿಂಗ್.ಕ್ಯಾಪ್ಚರ್‌ವಾರ್ನಿಂಗ್ಸ್(ಟ್ರೂ) ಒಂದು ಸಾಲು ಸಾಕು, ಎಲ್ಲ ವಾರ್ನಿಂಗೂ ಪೈ.ವಾರ್ನಿಂಗ್ಸ್ ಅನ್ನೋ ಲಾಗರ್‌ಗೆ ಹೋಗತ್ತೆ. ಮೇಲೆ ಹೇಳಿದ ಒಂದೇ ಸಲ ತೋರಿಸೋ ನಿಯಮ ಇಲ್ಲೂ ಇದೆ, ಅದು ನೆನಪಿರ್ಲಿ.

ಸಿ ನಲ್ಲಿ ಜಿಎಸ್‌ಎಲ್ ಬಳಸ್ತೀನಿ, ಸಣ್ಣ ತಪ್ಪಿಗೂ ಪ್ರೋಗ್ರಾಂ ಸತ್ತೇ ಹೋಗತ್ತೆ.

ಜಿಎಸ್‌ಎಲ್‌ನ ಡೀಫಾಲ್ಟ್ ಹ್ಯಾಂಡ್ಲರ್ (ತಪ್ಪಾದಾಗ ಓಡೋ ಫಂಕ್ಷನ್) ಫೈಲ್ ಹೆಸರು, ಸಾಲಿನ ನಂಬರು ಪ್ರಿಂಟ್ ಮಾಡಿ ನೇರ ಅಬಾರ್ಟ್ ಕರೆಯತ್ತೆ. ಜಿಎಸ್‌ಎಲ್_ಎಸ್‌ಎಫ್_ಎಕ್ಸ್ಪ್(-1000) ಅಂತ ಕೇಳಿದ್ರೂ ಅಂಡರ್‌ಫ್ಲೋ ಅಂತ ಸಾಯತ್ತೆ, ಉತ್ತರ ಸೊನ್ನೆ ಅಂತ ಎಲ್ರಿಗೂ ಗೊತ್ತಿದ್ರೂ. ಮುಖ್ಯ ಫಂಕ್ಷನ್ನಿನ ಶುರುವಲ್ಲೇ ಜಿಎಸ್‌ಎಲ್_ಸೆಟ್_ಎರರ್_ಹ್ಯಾಂಡ್ಲರ್_ಆಫ್ ಕರೀರಿ, ಆಮೇಲೆ ಹೆಸರಿನ ಕೊನೇಲಿ _ಇ ಇರೋ ಫಂಕ್ಷನ್ ಬಳಸಿ ಅದು ಕೊಡೋ ಸ್ಟೇಟಸ್ ಕೋಡ್ ನೋಡಿ, ಜಿಎಸ್‌ಎಲ್_ಸ್ಟ್ರ್‌ಎರರ್ ಆ ಕೋಡನ್ನ ಮಾತಾಗಿ ಮಾಡ್ಕೊಡತ್ತೆ. ಪ್ರೊಡಕ್ಷನ್ ಪ್ರೋಗ್ರಾಮಿಗೆ ಜಿಎಸ್‌ಎಲ್ ಮ್ಯಾನ್ಯುಯಲ್ ಹೇಳೋದೂ ಇದನ್ನೇ. ಹ್ಯಾಂಡ್ಲರ್ ಇಡೀ ಪ್ರೋಗ್ರಾಮಿಗೆ ಒಂದೇ, ಥ್ರೆಡ್ ಥ್ರೆಡ್‌ಗೆ ಬದಲಾಯಿಸೋಕೆ ಹೋಗ್ಬೇಡಿ. ಆಫ್ ಮಾಡಿ ಕೋಡೂ ನೋಡದೆ ಇರೋದು ಮಾತ್ರ ಅಬಾರ್ಟಿಗಿಂತ ಕೆಟ್ಟದು.

ನ್ಯಾಗ್ ಅನ್ನೋ ಇನ್ನೊಂದು ಲೆಕ್ಕದ ಲೈಬ್ರರಿಯ ಫೋರ್ಟ್ರಾನ್ ರೊಟೀನ್‌ಗಳಲ್ಲಿ ಇದನ್ನೇ ಐಫೇಲ್ ಅನ್ನೋ ಒಂದೇ ಆರ್ಗ್ಯುಮೆಂಟಲ್ಲಿ ಮುಗಿಸಿದಾರೆ. 0 ಕೊಟ್ಟು ಕರೆದ್ರೆ ತಪ್ಪಾದಾಗ ಮೆಸೇಜ್ ಹಾಕಿ ನಿಲ್ಲತ್ತೆ, 1 ಕೊಟ್ರೆ ಸದ್ದಿಲ್ದೆ ವಾಪಸ್ ಬರತ್ತೆ, -1 ಕೊಟ್ರೆ ಮೆಸೇಜ್ ಹಾಕಿ ವಾಪಸ್ ಬರತ್ತೆ. ನನಗೆ ಆ -1 ತುಂಬ ಇಷ್ಟ. ಹೇಳೋದೂ ಹೇಳತ್ತೆ, ತೀರ್ಮಾನ ನಿಮಗೇ ಬಿಡತ್ತೆ.

ನಾನೇ ಒಂದು ಲೈಬ್ರರಿ ಬರೀತಿದೀನಿ. ಎರರ್ ಹೇಗೆ ಕೊಡ್ಲಿ?

ಇಂಪೋರ್ಟ್ ಆಗುವಾಗ ಸೆಟ್‌ಎರ್ ಕರೀಬೇಡಿ, ಬೇರೆಯವರ ಮನೆಗೆ ಹೋಗಿ ಅವರ ಸ್ವಿಚ್ ಆಫ್ ಮಾಡಿದ ಹಾಗೆ ಅದು. ಕರೆದೋರ ತಪ್ಪಾದ್ರೆ, ಅಂದ್ರೆ ಸೈಜ್ ಹೊಂದಲಿಲ್ಲ, ನೆಗೆಟಿವ್ ಟಾಲರೆನ್ಸ್ ಕೊಟ್ರು, ತಕ್ಷಣ ಎಕ್ಸೆಪ್ಷನ್ ಕೊಡಿ. ಅರೇಲಿ ಒಂದೆರಡು ಜಾಗ ಕೆಟ್ರೆ ಆ ಜಾಗಕ್ಕೆ ನ್ಯಾನ್ ಇಟ್ಟು ಒಂದೇ ಒಂದು ವಾರ್ನಿಂಗ್ ಕೊಡಿ. ಲೆಕ್ಕ ಒಮ್ಮುಖ ಆಗ್ಲಿಲ್ಲ ಅಂದ್ರೆ ಸ್ಟೇಟಸ್ ಕೊಡಿ.

ಮೆಸೇಜ್ ಬರೆಯುವಾಗ ನಂಬರ್ ಹಾಕಿ. "ಇನ್‌ಪುಟ್ ಸರಿ ಇಲ್ಲ" ಅಂದ್ರೆ ಯಾರಿಗೆ ಏನು ಪ್ರಯೋಜನ? "ತೂಕಗಳ ಮೊತ್ತ 1 ಇರ್ಬೇಕು, ಬಂದಿರೋದು 0.9731, ಇಂಡೆಕ್ಸ್ 12ರಲ್ಲಿ ನ್ಯಾನ್ ಇದೆ" ಅಂದ್ರೆ ರಾತ್ರಿ ಎರಡು ಗಂಟೆಗೆ ಲಾಗ್ ಓದೋನು ನಿಮ್ಮನ್ನ ಹರಸ್ತಾನೆ.

ಮತ್ತೆ ಎರರ್ ಮೆಸೇಜು ಉತ್ತರ ಬರೋ ದಾರಿಯಲ್ಲೇ ಬರಬಾರ್ದು. -999 ಅಂತ ವಾಪಸ್ ಕೊಟ್ಟು ಅದನ್ನ ಎರರ್ ಅಂತ ತಿಳ್ಕೊಳಿ ಅನ್ನೋರು ಇನ್ನೂ ಇದಾರೆ. 1996 ಜೂನ್ 4ರಂದು ಏರಿಯಾನ್ 5 ರಾಕೆಟ್ಟಿಗೆ ಆಗಿದ್ದರಲ್ಲಿ ಇದೂ ಒಂದು ಭಾಗ. 64 ಬಿಟ್ ಫ್ಲೋಟನ್ನ 16 ಬಿಟ್ ಇಂಟಿಜರಿಗೆ ತುರುಕೋಕೆ ಹೋಗಿ, 32767ರ ಮಿತಿ ದಾಟಿ, ದಿಕ್ಕು ಹೇಳೋ ಕಂಪ್ಯೂಟರ್ ನಿಂತೋಯ್ತು, ಅದೇ ಕೋಡ್ ಇದ್ದ ಬ್ಯಾಕಪ್ಪೂ ಅದೇ ಕಾರಣಕ್ಕೆ ಅದಕ್ಕೂ ಮುಂಚೆನೇ ನಿಂತಿತ್ತು. ಎಲ್ರೂ ಇಷ್ಟನ್ನ ಹೇಳ್ತಾರೆ. ಆಮೇಲಿಂದು ಕೇಳಿ: ನಿಂತೋಗುವಾಗ ಅದು ಕಳಿಸಿದ ಡಯಾಗ್ನೋಸ್ಟಿಕ್ ಬಿಟ್‌ಗಳನ್ನ ಮುಖ್ಯ ಕಂಪ್ಯೂಟರು ಹಾರಾಟದ ಡೇಟಾ ಅಂತ ಓದ್ಕೊಂಡು, ನಾಝಲ್‌ಗಳನ್ನ ಪೂರ್ತಿ ತಿರುಗಿಸಿಬಿಡ್ತು. ಹೊರಟು ಸುಮಾರು 40 ಸೆಕೆಂಡಲ್ಲಿ ರಾಕೆಟ್ ಚೂರು ಚೂರು.

ಟೆಸ್ಟ್ ಓಡಿಸುವಾಗ ಎಲ್ಲ ವಾರ್ನಿಂಗನ್ನೂ ಎರರ್ ಮಾಡಬಹುದಾ?

ಮಾಡ್ಲೇಬೇಕು. ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸೋ ಟೂಲು) ಸೆಟ್ಟಿಂಗಲ್ಲಿ ಫಿಲ್ಟರ್‌ವಾರ್ನಿಂಗ್ಸ್ = ಎರರ್ ಅಂತ ಹಾಕಿ. ಮೊದಲ ದಿನ ನಲವತ್ತು ಟೆಸ್ಟ್ ಕೆಂಪಾಗತ್ತೆ, ಎದೆ ಒಡ್ಕೋಬೇಡಿ, ಒಂದೊಂದಾಗಿ ನೋಡ್ತಾ ಹೋಗಿ, ಅರ್ಧದಷ್ಟು ಒಂದೇ ಸಾಲಿನ ತಪ್ಪಿಂದ ಬಂದಿರತ್ತೆ.

ಈಸ್‌ನ್ಯಾನ್ ಚೆಕ್ ಇದೆ, ನ್ಯಾನ್ ಇರೋದು ಕಣ್ಣಿಗೆ ಕಾಣ್ತಿದೆ, ಚೆಕ್ ಮಾತ್ರ ಫಾಲ್ಸ್ ಅನ್ನತ್ತೆ. ಹುಚ್ಚು ಹಿಡೀತಿದೆ.

ಸಿ ಅಥವಾ ಸಿ++ ಕೋಡಾ? ಕಂಪೈಲ್ ಮಾಡೋ ಸಾಲಲ್ಲಿ ಎಫ್‌ಫಾಸ್ಟ್-ಮ್ಯಾತ್ ಇದೆಯಾ ನೋಡಿ. ಅದು ಇದ್ರೆ ನ್ಯಾನ್, ಇನ್ಫಿನಿಟಿ ಯಾವತ್ತೂ ಬರಲ್ಲ ಅಂತ ಕಂಪೈಲರಿಗೆ ನೀವೇ ಮಾತು ಕೊಟ್ಟ ಹಾಗೆ, ಅದು ನಿಮ್ಮ ಮಾತು ನಂಬ್ಕೊಂಡು ಈಸ್‌ನ್ಯಾನ್ ಚೆಕ್ಕನ್ನೇ ಕಿತ್ತು ಹಾಕಿರತ್ತೆ. ಆ ಫ್ಲ್ಯಾಗ್ ತೆಗೆದು ಮತ್ತೆ ಕಂಪೈಲ್ ಮಾಡಿ.